ತೊಳೆದ ಮರಿ

ಬೆಳಿಗ್ಗೆ ಎದ್ದಾಗಿನಿಂದ ಅವನ ಮನಸ್ಸು ನೆಟ್ಟಗಿರಲಿಲ್ಲ. ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಹೆಂಡತಿ ಮರಿಗಳಿಗೆ ಕುಡಿಸುವ ಹಾಲಿನ ಪುಡಿಯನ್ನೂ ಬಾಟಲಿಯ ನಿಪ್ಪಲ್ಲುಗಳನ್ನೂ ತರಲು ಪಕ್ಕದ ಮನೆಯ ವ್ಯಾನಿನವನ ಜೊತೆ ಪೇಟೆಗೆ ಹೊರಟಿದ್ದಳು. ಬರುವುದು ಮಧ್ಯಾಹ್ನ ಮೂರೋ ನಾಲ್ಕೋ. ಅಲ್ಲಿಯತನಕ ಹದಿನಾಲ್ಕು ಕುರಿ, ಐದು ಆಡು, ಎರಡೂ ಕಣ್ಣಿಗೆ ಪೊರೆ ಬಂದ ಅತ್ತೆ, ಇಷ್ಟೂ ಅವನ ತಲೆಯ ಮೇಲೆ. ಅದೂ ಮರಿ ಹಾಕುವ ಕಾಲ. ಅಡುಗೆಮನೆಯ ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ ಅತ್ತೆ, ಮಗಳು ಚಪ್ಪಲಿ ಮೆಟ್ಟುತ್ತಿದ್ದಾಗ ಹೇಳಿದ್ದರು: "ಕಿವಿಹರಕಿ ಕುರಿ ಇವತ್ತೇ ಮರಿ ಹಾಕೋದು. ನಿನ್ನೆ ಕೆಚ್ಚಲು ಮುಟ್ಟಿ ನೋಡ್ದೆ, ಬಿಗಿದು ಕಲ್ಲಾಗಿದೆ. ಆದ್ರೆ ನೀನೇನೂ ಓಡ್ಕೊಂಡ್ ಬರ್ಬೇಡ. ಅಳಿಯಂದ್ರು ಇದ್ದಾರಲ್ಲ. ಹೆರಿಗೆ ಆಸ್ಪತ್ರೆಯೋರು! ಅವರು ನೋಡಿರೋ ಹೆರಿಗೆ ಎಷ್ಟೋ, ಅವರಿಗೆ ಇದ್ಯಾವ ಲೆಕ್ಕ?" ಹೆಂಡತಿ ತಿರುಗಿ ಅವನ ಮುಖವನ್ನೇ ನೋಡಿದಳು. ತುಟಿಯ ತುದಿಯಲ್ಲಿ ನಗೆಯನ್ನು ಕಚ್ಚಿ ಹಿಡಿದಿದ್ದಳು. ಅವನು ಅಂಗಳದ ಆಚೆ ಏನೋ ಇದೆಯೆಂಬಂತೆ ನೋಡುತ್ತ ನಿಂತ. ವ್ಯಾನು ಹೊರಟಿತು.

ಅವನು ನೋಡಿರಲಿಲ್ಲ. ಒಂದೇ ಒಂದು ಹೆರಿಗೆಯನ್ನೂ ನೋಡಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಇದ್ದದ್ದು ನಿಜ. ಆದರೆ ಇದ್ದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಮೇಲೆ ಮಕ್ಕಳು ಹುಟ್ಟುತ್ತಿದ್ದವು, ಕೆಳಗೆ ಚಾದರಗಳು ಬರುತ್ತಿದ್ದವು. ತಳ್ಳುಗಾಡಿಯಲ್ಲಿ ರಾಶಿ ರಾಶಿಯಾಗಿ ಬಂದದ್ದನ್ನು ನೆನೆಹಾಕಿ, ಕಲೆ ಬಿಡಿಸಿ, ಯಂತ್ರಕ್ಕೆ ತುಂಬಿ, ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿ ಮೇಲಕ್ಕೆ ಕಳಿಸಿದರೆ ಅಷ್ಟರಲ್ಲಿ ಇನ್ನೊಂದು ಗಾಡಿ ಬಂದಿರುತ್ತಿತ್ತು. ರಕ್ತದ ಕಲೆಗೆ ಮೊದಲೇ ಬಿಸಿನೀರು ತಾಗಿಸಬಾರದು, ತಾಗಿಸಿದರೆ ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲೇ ಇರಲಿಲ್ಲ. ಆಗೀಗ ಮಕ್ಕಳಿಗೆ ಸುತ್ತುವ ಬಿಳಿ ಬಟ್ಟೆಗಳ ಕಟ್ಟನ್ನು ಹೊತ್ತು ಮೇಲಿನ ವಾರ್ಡಿನ ಬಾಗಿಲವರೆಗೆ ಹೋಗುತ್ತಿದ್ದ. ಆಗ ಅವನ ಕಣ್ಣಿಗೆ ಬಿದ್ದದ್ದು ಇಷ್ಟು: ದಪ್ಪ ನರ್ಸಮ್ಮ ಕೂಸೊಂದನ್ನು ಬೆಚ್ಚಗಿನ ನೀರಲ್ಲಿ ಅದ್ದಿ, ಸೋಪು ಹಚ್ಚಿ, ಒರೆಸಿ, ಪೌಡರು ಬಳಿದು, ಅವನು ಒಗೆದ ಬಟ್ಟೆಯಲ್ಲೇ ಬಿಗಿಯಾಗಿ ಸುತ್ತಿ ತಾಯಿಯ ಕೈಗೆ ಕೊಡುತ್ತಿದ್ದಳು, ತಾಯಿ ನಗುತ್ತಿದ್ದಳು. ಹೆರಿಗೆಯ ಬಗ್ಗೆ ಅವನಿಗಿದ್ದ ಜ್ಞಾನವೆಲ್ಲ ಈ ಬಾಗಿಲ ಸಂದಿಯಿಂದ ಬಂದದ್ದು. ಎಂಟು ತಿಂಗಳ ಹಿಂದೆ, ನಿವೃತ್ತನಾಗಿ ಹೆಂಡತಿಯ ತವರಿಗೇ ಬಂದು ನೆಲೆಸಿದ ಮೊದಲ ದಿನ, ಅತ್ತೆ ನೋಡಬಂದವರಿಗೆಲ್ಲ "ಇವರು ಹೆರಿಗೆ ಆಸ್ಪತ್ರೆಯಲ್ಲಿದ್ದೋರು" ಎಂದು ಎದೆಯುಬ್ಬಿಸಿ ಹೇಳಿದ್ದರು. ಸುಳ್ಳಲ್ಲವಲ್ಲ! ಅವನು ಸುಮ್ಮನಿದ್ದ. ಮಾರನೆಯ ದಿನ ತಿದ್ದಬಹುದಿತ್ತು, ಆ ಹೊತ್ತಿಗೆ ವ್ಯಾನಿನವನು "ನಮಸ್ಕಾರ, ಹೆರಿಗೆ ಸಾಹೇಬ್ರೇ" ಎಂದುಬಿಟ್ಟ. ಒಂದು ವಾರ ಕಳೆದ ಮೇಲೆ ತಿದ್ದುವುದು ಹೇಗೆ? ಹೆಂಡತಿಯನ್ನು ಕೇಳಿದರೆ, "ನನ್ನನ್ನ ಯಾಕೆ ಎಳೀತೀರಿ? ನಿಮ್ಮ ಬಾಯಿಗೇನು ಬೀಗ ಬಿದ್ದಿದೆಯಾ?" ಎಂದಳು. ಬಿದ್ದಿತ್ತು.

ಹಾಗೆ ನೋಡಿದರೆ ಅವನಿಗೆ ಈ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇಲ್ಲದ್ದೇ ಕೊರತೆ. ಅತ್ತೆಯ ಬಾಯಿ ದೊಡ್ಡದು. ಮಗಳನ್ನು ಬೈಯುತ್ತಿದ್ದರು, ಟಗರನ್ನು ಬೈಯುತ್ತಿದ್ದರು, ತಡವಾಗಿ ಬಂದ ದನದ ಡಾಕ್ಟರನ್ನು ಅಂಗಳದಲ್ಲೇ ನಿಲ್ಲಿಸಿ ನೀರಿಳಿಸಿದ್ದರು. ಬೈಸಿಕೊಂಡವರು ಹಲ್ಲು ಕಿರಿಯುತ್ತ ಒಳಗೆ ಬಂದು ಚಹ ಕುಡಿದು ಹೋಗುತ್ತಿದ್ದರು. ಅವನಿಗೆ ಮಾತ್ರ "ತಾವು ಕೂತ್ಕೊಳ್ಳಿ", "ತಮಗ್ಯಾಕೆ ಈ ಗಲೀಜು", "ಅಳಿಯಂದ್ರಿಗೆ ಮೊದಲು ಬಡಿಸೇ". ಹಿಕ್ಕೆ ಬಾಚಲು ಸಲಿಕೆ ಎತ್ತಿದರೆ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು ಸಲಿಕೆ ಕೆಳಗಿಡಿಸುತ್ತಿದ್ದರು. ಮೂವತ್ತೊಂದು ವರ್ಷ ಒದ್ದೆ ಬಟ್ಟೆ ಹಿಂಡಿದ ಕೈಗಳು ಎಂಟು ತಿಂಗಳಿಂದ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ತನಗೆ ಸಿಗುತ್ತಿರುವುದು ಯಾವನೋ ಡಾಕ್ಟರಿಗೆ ಸಲ್ಲಬೇಕಾದ ಮರ್ಯಾದೆ, ಆ ಡಾಕ್ಟರು ಬಂದು ಕೇಳಿದರೆ ಏನು ಗತಿ ಎಂದು ಒಮ್ಮೊಮ್ಮೆ ಊಟದ ಮುಂದೆ ಕೂತಾಗ ಅನ್ನಿಸಿ ಎತ್ತಿದ ತುತ್ತನ್ನು ತಟ್ಟೆಗೇ ಇಡುತ್ತಿದ್ದ. ಇವತ್ತು, ಕೊಟ್ಟಿಗೆಯ ಮೂಲೆಯಲ್ಲಿ ಹಲಗೆ ಅಡ್ಡಹಾಕಿ ಮಾಡಿದ ಪುಟ್ಟ ಗೂಡಿನಲ್ಲಿ ಕಿವಿಹರಕಿ ಮುಂಗಾಲಿನಿಂದ ಹುಲ್ಲು ಕೆರೆಯುತ್ತ, ಮಲಗುತ್ತ ಏಳುತ್ತ, ಮೂತಿಯೆತ್ತಿ ಆಕಾಶ ನೋಡತೊಡಗಿದಾಗ, ಅವನಿಗೆ ಹೆದರಿಕೆಯ ಜೊತೆಗೆ ಒಂದು ಆಸೆಯೂ ಹುಟ್ಟಿತು. ಇದೊಂದನ್ನು ಸರಿಯಾಗಿ ಮಾಡಿಬಿಟ್ಟರೆ ಆ ಮರ್ಯಾದೆ ತನ್ನದೇ ಆಗುತ್ತದಲ್ಲ! ಎಲ್ಲರೂ ಹೆರಿಗೆ ಎಂದರೆ ಬಿಸಿನೀರು ಬಿಸಿನೀರು ಎನ್ನುತ್ತಾರೆ. ಅವನು ಬಿಸಿನೀರು ಕಾಯಿಸಲು ಓಡಿದ.

ನೀರು ಕಾದು, ಹದ ನೋಡಿ, ತಣ್ಣೀರು ಬೆರೆಸಿ, ಬಕೆಟ್ಟು ಹಿಡಿದು ಬರುವಷ್ಟರಲ್ಲಿ ಮರಿ ಹುಲ್ಲಿನ ಮೇಲೆ ಬಿದ್ದಿತ್ತು. ಹೇಗೆ ಬಂತು, ಯಾವ ಕಡೆಯಿಂದ ಬಂತು, ಒಂದೂ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷದ ಹಾಗೆಯೇ ಈ ಸಲವೂ ಮುಗಿದ ಮೇಲೆ ಬಂದಿದ್ದ. ಆದರೆ ಮರಿಯ ಅವಸ್ಥೆ! ಹಳದಿ ಲೋಳೆ, ಅಲ್ಲಲ್ಲಿ ರಕ್ತ, ಮೂಗಿನ ತುಂಬ ಅಂಟು, ಮೈಗೆಲ್ಲ ಹುಲ್ಲು. ಕಿವಿಹರಕಿ ಹೊಟ್ಟೆಯೊಳಗಿಂದ ಗುರುಗುರು ಎನ್ನುತ್ತ ಆ ಹೊಲಸನ್ನೇ ನೆಕ್ಕಲು ಶುರುಮಾಡಿದ್ದಳು. ಹೀಗೆ ಬಿಡುವುದೇ? ಒಂದು ಗಂಡಸಿನ ಕೈಯಿರುವ ಮನೆಯಲ್ಲಿ? ದಪ್ಪ ನರ್ಸಮ್ಮನ ದುಂಡು ಕೈಗಳು ಕಣ್ಣ ಮುಂದೆ ಬಂದವು. ಮರಿಯನ್ನು ಎತ್ತಿಕೊಂಡ. ಬಚ್ಚಲಿನಲ್ಲಿ ಕೂತು ಬೆಚ್ಚಗಿನ ನೀರು ಹೊಯ್ದ, ಬೀಳ್ಕೊಡುವ ದಿನ ವಾರ್ಡಿನವರು ಉಡುಗೊರೆ ಕೊಟ್ಟಿದ್ದ ಕೂಸಿನ ಸೋಪನ್ನು ಪೆಟ್ಟಿಗೆಯಿಂದ ತೆಗೆದು ಹೊಟ್ಟೆ, ಕಂಕುಳು, ಕಿವಿಯ ಹಿಂದೆ, ಗೊರಸಿನ ಸಂದಿ, ಎಲ್ಲ ಕಡೆ ಉಜ್ಜಿದ. ಅವನ ಕೈ ತೊಳೆಯುವ ಕೈ. ಅದಕ್ಕೆ ಅರ್ಧಂಬರ್ಧ ಕೆಲಸ ಗೊತ್ತಿರಲಿಲ್ಲ. ಎರಡು ಸಲ ತೊಳೆದ. ಒರೆಸಿ, ಒಲೆಯ ಪಕ್ಕ ಕೂತು ಕೂದಲೆಲ್ಲ ಆರುವವರೆಗೆ ಉಜ್ಜಿದ. ಹೊಕ್ಕುಳಿಗೆ ಅಯೋಡಿನ್ ಹಚ್ಚಿದ, ಅದೊಂದು ಮಾತ್ರ ಹೆಂಡತಿ ಹೇಳಿಕೊಟ್ಟಿದ್ದು. ಮರಿ ಬೆಳ್ಳಗೆ, ಗುಂಗುರು ಗುಂಗುರಾಗಿ, ಅಂಗಡಿಯ ಗಾಜಿನ ಹಿಂದೆ ಇಡುವ ಬೊಂಬೆಯಂತಾಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ. ಆ ಸುತ್ತುವ ವಿದ್ಯೆ ನೋಡಿ ಕಲಿತದ್ದು, ಕೈ ತಾನಾಗಿ ಮಾಡಿತು. ಸುತ್ತಿದ ಗಂಟಿನಿಂದ ಎರಡು ಕಿವಿ, ಒಂದು ಮೂಗು ಇಣುಕುತ್ತಿದ್ದವು. ಅವನಿಗೆ ಇಷ್ಟು ಸಂತೋಷ ಯಾವತ್ತು ಆಗಿತ್ತೋ ನೆನಪಿರಲಿಲ್ಲ.

ಅತ್ತೆಯ ಮಡಿಲಲ್ಲಿ ತಂದು ಇಟ್ಟ. "ಹೆಣ್ಣು ಮರಿ, ಅತ್ತೆ." ಅತ್ತೆ ಬಟ್ಟೆಯನ್ನು ಮುಟ್ಟಿದರು, ಮರಿಯ ತಲೆ ಸವರಿದರು. ಮೂಗಿನ ಹತ್ತಿರ ತಂದರು. ಅಲ್ಲಿಗೇ ಅವರ ಮುಖ ನಿಂತುಹೋಯಿತು. ಆಮೇಲೆ ತುಂಬ ಮೆತ್ತಗೆ, ಪರೀಕ್ಷೆಗೆ ಬಂದ ಹುಡುಗಿಯಂತೆ ಹೇಳಿದರು: "ಘಮ ಘಮ ಅಂತಿದೆ. ನಾವು ಹಿಂದಿನ ಕಾಲದೋರು, ತಾಯಿ ನೆಕ್ಕಲಿ ಅಂತ ಬಿಟ್ಬಿಡ್ತಿದ್ವಿ. ನೆಕ್ಕಿದ್ರೆ ಗುರುತು ಸಿಗುತ್ತೆ ಅಂತ. ಈಗ ತೊಳೀಬೇಕು ಅಂತಾರೇನೋ, ಅಲ್ವಾ?" ಆ ಪ್ರಶ್ನೆಯ ತುದಿಯಲ್ಲಿ ಒಂದು ಬಾಗಿಲು ತೆರೆದಿತ್ತು. ಅವನು ಅದನ್ನು ಕಂಡ. ಕಂಡೂ, "ಹೌದು ಅತ್ತೆ, ಈಗಿನ ಪದ್ಧತಿ ಹೀಗೆ," ಎಂದ. ಅರವತ್ತು ವರ್ಷ ಮರಿ ಹಿಡಿದ ಮುದುಕಿ ತಲೆಯಾಡಿಸಿ, "ಕಲೀಬೇಕು, ಕಲಿಯೋಕೆ ವಯಸ್ಸಿಲ್ಲ," ಎಂದು ಮರಿಯನ್ನು ಹಿಂದಕ್ಕೆ ಕೊಟ್ಟರು. ಥೂ ನಿನ್ನ, ಎಂದು ಅವನ ಒಳಗೇ ಯಾರೋ ಉಗಿದರು.

ಗೂಡಿನಲ್ಲಿ ಬಿಚ್ಚಿ ಬಿಟ್ಟ. ಮರಿ ತಡವರಿಸಿ ಎದ್ದು, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ, ತಾಯಿಯ ಕಡೆ ನಡೆಯಿತು. ಕಿವಿಹರಕಿ ಕತ್ತು ಚಾಚಿ ಮೂಸಿದಳು. ಒಂದು ಸಲ ಮೂಸಿದಳು, ಎರಡನೆಯ ಸಲ ಮೂಸಿದಳು, ಮೂಗು ಹಿಂದಕ್ಕೆಳೆದುಕೊಂಡು ಕಾಲು ಅಪ್ಪಳಿಸಿದಳು. ಮರಿ ಕೆಚ್ಚಲಿನ ಕಡೆ ತಿರುಗಿತೋ ಇಲ್ಲವೋ, ತಲೆಯಿಂದ ಗುದ್ದಿ ಉರುಳಿಸಿದಳು. ಅವನು ಎತ್ತಿ ನಿಲ್ಲಿಸಿದ. ಮತ್ತೆ ಗುದ್ದಿದಳು. "ನಿನ್ನದೇ ಕಣೇ, ನಿನ್ನದೇ," ಎಂದು ಅವನು ಬೇಡಿಕೊಂಡ. ಅವಳಿಗೆ ಇವನ ಮಾತೇಕೆ? ಅವಳು ಇವನನ್ನೂ ಮರಿಯನ್ನೂ ದಾಟಿ, ಮರಿ ಹುಟ್ಟಿದ ಜಾಗಕ್ಕೆ ಹೋಗಿ ನೆಲ ಮೂಸುತ್ತ, ಕಳೆದುಕೊಂಡವರ ಹಾಗೆ ಬ್ಯಾ ಎಂದು ಕರೆಯತೊಡಗಿದಳು. ನೆಲದಲ್ಲಿ ಏನಿತ್ತು? ಅವನು ಆಗಲೇ ಒದ್ದೆ ಹುಲ್ಲನ್ನೆಲ್ಲ ಬಾಚಿ ಸುಟ್ಟು, ಫಿನಾಯಿಲು ಸುರಿದು ತೊಳೆದು, ಹೊಸ ಹುಲ್ಲು ಹಾಸಿದ್ದ. ಹನ್ನೊಂದರ ಹೊತ್ತಿಗೆ, ಮರಿಯ ಹಿಂದೆ ಬರುವ ಮಾಸು ಬಿತ್ತು. ಆ ಚೀಲವನ್ನೂ ಆಸ್ಪತ್ರೆಯ ನಿಯಮದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹಿತ್ತಲಲ್ಲಿ ಮೊಣಕಾಲಷ್ಟು ಆಳದ ಗುಂಡಿ ತೋಡಿ ಹುಗಿದು ಬಂದ. ಅವನ ಕೆಲಸದಲ್ಲಿ ಯಾರೂ ಹುಳುಕು ತೆಗೆಯುವಂತಿರಲಿಲ್ಲ. ತಾಯಿಗೆ ಮಗುವಿನ ಗುರುತು ಒಂದಿಷ್ಟೂ ಉಳಿಯದಂತೆ ಅಷ್ಟು ಚೊಕ್ಕಟವಾಗಿ ಮಾಡಿದ್ದ.

ಹಾಲಾದರೂ ಕುಡಿಸೋಣ ಎಂದು ಲೋಟ ಹಿಡಿದು ಕೆಚ್ಚಲಿಗೆ ಕೈ ಹಾಕಿದರೆ ಒದೆ ನೇರ ಮೊಣಕಾಲ ಚಿಪ್ಪಿಗೆ ಬಿತ್ತು. ಲೋಟ ಆಡುಗಳ ಕಡೆ ಉರುಳಿತು. ಅಲ್ಲಿ ಹಲಗೆಯ ಮೇಲೆ ಮುಂಗಾಲಿಟ್ಟು, ಗಡ್ಡ ಅಲ್ಲಾಡಿಸುತ್ತ ಮೆಲುಕು ಹಾಕುತ್ತಿದ್ದ ಹೋತ, ಮನೆಯವರು ಮೇಷ್ಟ್ರು ಎಂದು ಕರೆಯುತ್ತಿದ್ದದ್ದು, ಅವನನ್ನು ಮೇಲಿಂದ ಕೆಳಗೆ ನೋಡಿತು. ಮರಿ ಹಾಕಿ ವಾರವಾಗಿದ್ದ ಗಯ್ಯಾಳಿ ಎಂಬ ಆಡಿನ ಬಳಿ ಮರಿಯನ್ನು ಒಯ್ದು ಕಳ್ಳನಂತೆ ಕೆಚ್ಚಲಿಗೆ ಹಿಡಿದ. ಅದು ಹೆಸರಿಗೆ ತಕ್ಕ ಹಾಗೆ ಕಿರುಚಿ, ಅವನ ಅಂಗಿಯ ಚುಂಗನ್ನು ಬಾಯಲ್ಲಿ ಹಿಡಿದು, ಅರ್ಧ ತಿಂದ ಮೇಲೇ ಬಿಟ್ಟಿತು. "ಏನಂತೆ? ಯಾಕೆ ಅಷ್ಟೊಂದು ಅರಚ್ತಿವೆ?" ಎಂದು ಹಿಂಬಾಗಿಲಿಂದ ಅತ್ತೆ ಕೇಳಿದರು. "ಏನಿಲ್ಲ ಅತ್ತೆ, ಎಲ್ಲ ಸರಿಯಾಗಿದೆ," ಎಂದು ಕೂಗಿದ. ಅವನ ದನಿ ಅವನಿಗೇ ಹೆಂಗಸಿನ ದನಿಯಂತೆ ಕೇಳಿಸಿತು. ಮರಿ ಈಗ ಎದ್ದು ನಿಲ್ಲುವುದನ್ನೇ ಬಿಟ್ಟಿತ್ತು. ಅವನ ತೊಡೆಗೆ ಮೂಗೊತ್ತಿ ಚೀಪಲು ನೋಡಿ, ಸಿಗದೆ, ಕಣ್ಣು ಮುಚ್ಚಿತು. ಹೆರಿಗೆಯಾದ ಮೊದಲ ಗಂಟೆಗಳ ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುವುದಿಲ್ಲ ಎಂದು ಹೆಂಡತಿ ನಿನ್ನೆ ತಾನೇ ಯಾವುದೋ ಮಾತಿಗೆ ಹೇಳಿದ್ದಳು. ಆ ಯಾವುದೋ ಮಾತು ಈಗ ಕಿವಿಯಲ್ಲಿ ಗಂಟೆ ಬಾರಿಸತೊಡಗಿತು. ಹೆಂಡತಿ ಬರಲು ಇನ್ನೂ ಮೂರು ತಾಸು ಬೇಕು. ಮರಿ ಅಲ್ಲಿಯವರೆಗೆ ತಡೆಯದು. ತಡೆಯದಿದ್ದರೆ ಆಸ್ಪತ್ರೆಯ ಸಾಹೇಬ ಏನು ಹೇಳಬಹುದು ಎಂದೂ ಅವನ ತಲೆ ಆಗಲೇ ಹುಡುಕಿ ಇಟ್ಟಿತ್ತು: "ಹುಟ್ಟುವಾಗಲೇ ಬಲ ಇರಲಿಲ್ಲ ಅತ್ತೆ. ನಾವು ಎಷ್ಟೋ ನೋಡಿದ್ದೀವಿ." ಅತ್ತೆ ನಂಬುತ್ತಾರೆ, ನಂಬಿ, ಅವನನ್ನೇ ಸಮಾಧಾನ ಮಾಡುತ್ತಾರೆ. ಎಷ್ಟು ಸಲೀಸಾಗಿ ಮಾತು ಸಿದ್ಧವಾಗಿಬಿಟ್ಟಿತ್ತೆಂದರೆ ಅವನಿಗೆ ತನ್ನ ನಾಲಿಗೆಯ ಬಗ್ಗೆಯೇ ಭಯವಾಯಿತು. ಮರಿಯನ್ನು ಎತ್ತಿಕೊಂಡು, ಅರ್ಧ ಅಂಗಿಯಲ್ಲಿ, ಕುಂಟುತ್ತ ಹಿಂಬಾಗಿಲಿಗೆ ನಡೆದ.

"ಅತ್ತೆ, ತಾಯಿ ಸೇರಿಸ್ತಾ ಇಲ್ಲ. ನಾನು ಸೋಪು ಹಾಕಿ ತೊಳೆದೆ. ಅದಕ್ಕೇ."

"ಆಸ್ಪತ್ರೇಲಿ..." ಎಂದು ಅತ್ತೆ ಶುರುಮಾಡಿದರು.

"ಆಸ್ಪತ್ರೇಲಿ ನಾನು ಚಾದರ ಒಗೀತಿದ್ದೆ ಅತ್ತೆ." ಒಂದೇ ಉಸಿರಿಗೆ ಬಂತು. "ಕೆಳಗಡೆ. ಮೂವತ್ತೊಂದು ವರ್ಷನೂ ಚಾದರಾನೇ. ಒಂದು ಹೆರಿಗೇನೂ ನೋಡಿಲ್ಲ. ಬೆಳಿಗ್ಗೆ ಇದು ಹುಟ್ಟಿದ್ದೂ ನೋಡಿಲ್ಲ, ನೀರು ಕಾಯಿಸ್ತಿದ್ದೆ. ಹೊಸ ಪದ್ಧತಿ ಅಂದಿದ್ದು ಸುಳ್ಳು. ನೀವು ಹೇಳಿದ್ದೇ ಸರಿ."

ಅತ್ತೆಯ ಪೊರೆಗಣ್ಣುಗಳು ಅವನ ಎದೆಯ ಹತ್ತಿರ ಎಲ್ಲೋ ನೆಟ್ಟಿದ್ದವು. ಅವನು ಕಾದ. ಇನ್ನು ಮುಂದೆ ಈ ಮನೆಯಲ್ಲಿ ತನ್ನ ತಟ್ಟೆ ಎಲ್ಲಿ ಬೀಳುತ್ತದೋ ಎಂದುಕೊಂಡ. ಅತ್ತೆ ಕೈ ಚಾಚಿ ಮರಿಯ ಬಾಯೊಳಗೆ ಒಂದು ಬೆರಳು ತೂರಿಸಿದರು. "ಬಾಯಿ ತಣ್ಣಗಾಗ್ತಿದೆ," ಎಂದರು. ಅಷ್ಟೇ ಮೆತ್ತಗೆ ಹೇಳಿದ್ದು. ಮರುಕ್ಷಣ ಕುರ್ಚಿ ಹಿಂದಕ್ಕೆ ಬಿತ್ತು. "ಅಲ್ಲಯ್ಯಾ, ನಿನ್ನ ತಲೇಲಿ ಏನು ಹೊಟ್ಟು ತುಂಬಿದ್ಯಾ? ಹಸೀ ಮರೀಗೆ ಸೋಪು! ತಾಯಿಗೆ ಕಣ್ಣಲ್ಲ ಕಣೋ ಗುರುತು, ಮೂಗು! ನಾನು ಬಾಯ್ಬಿಟ್ಟು ಕೇಳ್ದಾಗ ಹೇಳೋಕೇನಾಗಿತ್ತು ನಿನಗೆ ರೋಗ? ಚಾದರ ಒಗೆಯೋನು ಚಾದರ ಒಗೀಬೇಕು, ಮರಿ ಯಾಕೆ ಒಗೀತೀಯ? ಮಾಸು ಎಲ್ಲಿ? ಮಾಸು ಏನ್ ಮಾಡ್ದೆ?"

"ಹುಗಿದೆ."

"ಹುಗಿದ್ನಂತೆ! ತೋಡು ಹೋಗು! ನಿಂತ್ಕೊಂಡು ಏನ್ ನೋಡ್ತೀಯ ನನ್ ಮುಖ? ಓಡು!"

ಅವನು ಓಡಿದ. ಗುದ್ದಲಿ ಹಾಕುವಾಗ ಅವನಿಗೆ ಒಂದು ಅರ್ಥವಾಗದ ವಿಚಾರ ಅರಿವಿಗೆ ಬಂತು: ಅವನು ನಗುತ್ತಿದ್ದ. ಮರಿ ಸಾಯುವ ಸ್ಥಿತಿಯಲ್ಲಿದೆ, ಮಾನ ಮೂರು ಕಾಸಿಗೆ ಹರಾಜಾಗಿದೆ, ಮೊಣಕಾಲು ಊದಿದೆ, ಇವನು ಹಿತ್ತಲಲ್ಲಿ ಗುಂಡಿ ತೋಡುತ್ತ ಹಲ್ಲು ಕಿರಿಯುತ್ತಿದ್ದಾನೆ! ಬೇಸಗೆಯಲ್ಲಿ ನೆಲಮಾಳಿಗೆಯ ಕೊಳವೆ ಒಡೆದು ಎಲ್ಲರೂ ತಣ್ಣೀರಲ್ಲಿ ತೊಯ್ದು ತೊಪ್ಪೆಯಾದ ದಿನ ಹೀಗೇ ನಕ್ಕಿದ್ದರು, ಮೇಲ್ವಿಚಾರಕ ಕೂಡ. ಪ್ಲಾಸ್ಟಿಕ್ಕಿನ ಗಂಟು ಸಿಕ್ಕಿತು. ಅವನೇ ಕಟ್ಟಿದ್ದು, ಬಿಚ್ಚಲು ಬಾರದಷ್ಟು ಭದ್ರವಾಗಿ ಕಟ್ಟಿದ್ದ. ಹಲ್ಲಿನಿಂದ ಕಚ್ಚಿ ಹರಿದ.

ಅತ್ತೆ ಅಷ್ಟರಲ್ಲಿ ಗೋಡೆ ತಡವಿಕೊಂಡು ಕೊಟ್ಟಿಗೆ ಸೇರಿ, ಮರಿಯನ್ನು ತಮ್ಮ ರವಿಕೆಯ ಮೇಲೆ ಒತ್ತಿ ಹಿಡಿದು ಹುಲ್ಲಿನಲ್ಲಿ ಕೂತಿದ್ದರು. "ಬಳಿ. ನನ್ನ ಕೇಳ್ಬೇಡ, ಬಳಿ. ಮೊದಲು ತಲೆ. ಬಾಲದ ಹತ್ತಿರ ಚೆನ್ನಾಗಿ ಹಚ್ಚು, ಅವಳು ಅಲ್ಲೇ ಮೂಸೋದು." ಅವನು ಬಳಿದ. ಅಷ್ಟು ಶ್ರದ್ಧೆಯಿಂದ ಬೆಳ್ಳಗೆ ಮಾಡಿದ್ದ ಗುಂಗುರು ಕೂದಲಿನ ಮೇಲೆ ರಕ್ತವನ್ನೂ ಲೋಳೆಯನ್ನೂ ಅಂಗೈಯಿಂದ ತಿಕ್ಕಿದ. ಕಲೆ ಬಿಡಿಸುವುದೇ ಬದುಕಾಗಿದ್ದ ಕೈಗೆ ಕಲೆ ಹಚ್ಚಲು ಮೊದಮೊದಲು ಬರಲಿಲ್ಲ. ತಾನಾಗಿ ಒರೆಸಲು ಹೋಗುತ್ತಿತ್ತು. "ನಿನ್ನ ಕೈಯೂ ಸೋಪು ನಾರ್ತಿದೆ, ಇಲ್ಲಿಗೆ ಬರ್ತಿದೆ ವಾಸನೆ. ನಿನಗೂ ಬಳ್ಕೋ." ಮೊಣಕೈವರೆಗೆ ಬಳಿದುಕೊಂಡ. "ಅಂಗಿ?" "ಅಂಗಿ ಆಡು ತಿಂತು ಅತ್ತೆ." "ಒಳ್ಳೇದಾಯ್ತು. ಉಳಿದಿದ್ದನ್ನೂ ಬಿಚ್ಚಿ ಬಿಸಾಕು." ಅಳಿಯ ಅತ್ತೆಯೆದುರು ಬನಿಯನ್ನಿನಲ್ಲಿ ಕೂತ. ಅವರು ಕಿವಿಹರಕಿಯ ಗದ್ದ ಹಿಡಿದು, ಏನೇನೋ ಬೈಗುಳಗಳನ್ನು ಜೋಗುಳದ ಧಾಟಿಯಲ್ಲಿ ಹೇಳುತ್ತ ನಿಲ್ಲಿಸಿದರು. ಅವನು ಮರಿಯನ್ನು ಮುಂದೆ ಸರಿಸಿದ.

ಕುರಿ ಮೂಸಿತು. ಹಿಂದೆ ಸರಿಯಿತು. ಕಾಲೆತ್ತಿತು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಮತ್ತೆ ಮೂಸಿತು, ಬಾಲದ ಬುಡದಲ್ಲಿ, ಅಲ್ಲಿಂದ ಬೆನ್ನಿಗೆ, ಬೆನ್ನಿಂದ ಕತ್ತಿಗೆ, ಲೆಕ್ಕ ಸರಿಯಿದೆಯೇ ಎಂದು ಮೊದಲಿಂದ ನೋಡುವವರ ಹಾಗೆ. ಕಾಲು ಕೆಳಗಿಳಿಯಿತು. ನಾಲಿಗೆ ಹೊರಬಂತು. ಒಂದು ಸಲ ನೆಕ್ಕಿ, ಯೋಚನೆ ಮಾಡಿ, ಆಮೇಲೆ ಹೊಟ್ಟೆಯ ಆಳದಿಂದ ಆ ಗುರುಗುರು ಸದ್ದು ಹೊರಡಿಸಿತು. ಅತ್ತೆ ಗದ್ದ ಬಿಟ್ಟುಬಿಟ್ಟರು. ಅವನು ಮರಿಯ ಬಾಯನ್ನು ಕೆಚ್ಚಲಿಗೆ ಹಿಡಿದ. ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿಕೊಂಡಿತು. "ಬಾಲ ಅಲ್ಲಾಡ್ತಿದ್ಯಾ?" ಎಂದು ಅತ್ತೆ ಕೇಳಿದರು. ಅವನು ನೋಡಿದ. ಬಾಲ ಗಿರಗಿರ ಅಲ್ಲಾಡುತ್ತಿತ್ತು. "ಅಲ್ಲಾಡ್ತಿದೆ ಅತ್ತೆ." "ಹಾಗಾದ್ರೆ ಹಾಲು ಇಳೀತಿದೆ." ಕಿವಿಹರಕಿ ಮರಿಯನ್ನು ನೆಕ್ಕಿ ಮುಗಿಸಿ, ಪಕ್ಕದಲ್ಲೇ ಇದ್ದ ಅವನ ಮೊಣಕೈಯನ್ನೂ ನೆಕ್ಕಲು ಶುರುಮಾಡಿದಳು. ನಾಲಿಗೆ ಅರದ ಹಾಗೆ ಒರಟಾಗಿತ್ತು. ಅವನು ಕೈ ತೆಗೆಯಲಿಲ್ಲ. "ಅತ್ತೆ, ನನ್ನನ್ನೂ ನೆಕ್ತಾಳೆ." "ನೆಕ್ಕಲಿ ಬಿಡು. ಎರಡು ಅಂದ್ಕೊಂಡಿದ್ದಾಳೆ," ಎಂದು ಅತ್ತೆ ನಕ್ಕರು, ನಕ್ಕು ನಕ್ಕು ಕೆಮ್ಮು ಹತ್ತಿತು.

ವ್ಯಾನಿನ ಸದ್ದಾದದ್ದು ಮೂರರ ಮೇಲೆ. ಹೆಂಡತಿ ಚೀಲ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು, ಹಿಂದೆ ವ್ಯಾನಿನವನು. "ಏನ್ರೀ ಇದು ಅವತಾರ?" ಅವಳ ಕೈಯ ಚೀಲ ಜಾರಿತು. "ಯಾರನ್ನ ಕಡಿದ್ರಿ?" ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಅಲ್ಲಿಂದಲೇ ಎಗರಿದರು: "ನಿನ್ ಗಂಡ ಬಟ್ಟೆ ಒಗೀತಿದ್ದ ಅಂತ ಯಾಕೇ ಹೇಳ್ಲಿಲ್ಲ ನನಗೆ?" "ನೀನು ಕೇಳಿದ್ಯಾ? ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೋಳು ನೀನು. ನಾಲ್ಕು ದಿನ ಮೆರೀಲಿ ಅಂತ ಸುಮ್ನಿದ್ದೆ." "ಎಂಟು ತಿಂಗಳು ಮೆರೆಸಿದೀಯಲ್ಲೇ, ಪಾಪಿ! ಇವನ ಕೈಗೆ ಸಲಿಕೆ ಕೊಡ್ದೆ ಬೆನ್ನು ಮುರ್ಕೊಂಡು ನೀನೊಬ್ಬಳೇ ದುಡ್ದೆ." ವ್ಯಾನಿನವನು ಮೆಲ್ಲಗೆ, "ಅಂದ್ರೆ ನನ್ನ ಹೆಂಡ್ತಿ ಬಾಣಂತನಕ್ಕೆ ಬಿಸಿನೀರು ಕುಡೀಲಿ ಅಂದಿದ್ರಲ್ಲ, ಅದು?" ಎಂದ. "ಬಿಸಿನೀರು ಕುಡಿದ್ರೆ ಯಾರೂ ಸಾಯಲ್ಲ, ನಡಿ ನೀನು," ಎಂದರು ಅತ್ತೆ. ಅವನ ಕಿವಿ ಬಿಸಿಯಾಗಿತ್ತು. ಆದರೆ ನಾಚಿಕೆ ಎಂದರೆ ಇಷ್ಟೇನಾ ಎನ್ನಿಸಿತು. ಇಷ್ಟಕ್ಕೇನಾ ಎಂಟು ತಿಂಗಳು ಹೆದರಿದ್ದು.

ಬೈಗುಳ ಇನ್ನೂ ಮುಗಿದಿರಲಿಲ್ಲ, ಆ ಕಡೆಯ ಗೂಡಿನಲ್ಲಿ ಕರಿಮೂತಿಯ ಎಳೆ ಕುರಿ ನರಳಿತು. ಮೊದಲ ಸಲದ ಬಸಿರು ಅದರದು. ಅವನ ಕೈ ಯಾವ ಅಪ್ಪಣೆಯನ್ನೂ ಕೇಳದೆ ಹಲಗೆಯ ಮೇಲಿದ್ದ ಟವೆಲಿನತ್ತ ಹೋಯಿತು. "ಟವೆಲು ಮುಟ್ಟಿದ್ರೆ ಕೈ ಮುರೀತೀನಿ," ಎಂದರು ಅತ್ತೆ. ಕಾಣದ ಕಣ್ಣಿಗೆ ಅದು ಹೇಗೆ ಕಂಡಿತೋ! "ಬಾ ಇಲ್ಲಿ. ನನ್ನ ಪಕ್ಕ ಕೂತ್ಕೋ. ಎರಡೂ ಕೈನ ಕಂಕುಳಲ್ಲಿ ಇಟ್ಕೋ. ನನಗೆ ಕಣ್ಣಿಲ್ಲ, ನಿನಗೆ ಬುದ್ಧಿಯಿಲ್ಲ. ನೀನು ನೋಡಿ ಹೇಳು, ಬೇಕಾದ್ದನ್ನ ನಾನು ಹೇಳ್ತೀನಿ." ಅವನು ಕೂತ. ಹೆಂಡತಿ ಅವನ ಹಿಂದೆ ಮೊಣಕಾಲೂರಿ, ಅವನ ಭುಜದ ಮೇಲಿಂದ ಬಗ್ಗಿದಳು. "ಏನು ಕಾಣುತ್ತೆ?" "ನೀರಿನ ಚೀಲ ಒಡೀತು." "ಆಮೇಲೆ?" "ಗೊರಸು. ಒಂದು." "ಒಂದೇನಾ, ಎರಡಾ?" "ಒಂದು... ಇಲ್ಲ, ಎರಡು. ಎರಡು ಅತ್ತೆ." "ಮೂಗು ಇದೆಯಾ ಅದರ ಮೇಲೆ?" "ಇದೆ. ನಾಲಿಗೆ ಹೊರಗಿದೆ." "ಹಾಗಾದ್ರೆ ಸರಿಯಾಗಿ ಬರ್ತಿದೆ. ಮುಟ್ಬೇಡ."

ಎಳೆ ಕುರಿ ಮೂತಿಯೆತ್ತಿ ತಿಣುಕಿತು. ಹೀಗೆ, ಇಷ್ಟು ಬಲ ಹಾಕಿ! ಅವನು ಗೊತ್ತಿಲ್ಲದೆ ತಾನೂ ಹಲ್ಲು ಕಚ್ಚಿ ತಿಣುಕಿದ. ಅವನ ಮಗಳು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ, ಅವನ ಪಾಳಿಯಲ್ಲೇ. ಮೇಲೆ ಹೋಗಲು ಬಿಡಲಿಲ್ಲ. ಮೇಲಿಂದ ಸುದ್ದಿ ಬರುವ ಮೊದಲು ಗಾಡಿ ಬಂತು. ಹನ್ನೆರಡು ಚಾದರ. ಅದರಲ್ಲಿ ಹೆಂಡತಿಯದು ಯಾವುದು ಎಂದು ಗೊತ್ತಾಗಲಿಲ್ಲ, ಒಂದೊಂದನ್ನೂ ಹಿಡಿದು ಹಿಡಿದು ನೋಡಿದ. ಕೊನೆಗೆ ಹನ್ನೆರಡನ್ನೂ ಯಂತ್ರಕ್ಕೆ ಹಾಕದೆ ಕೈಯಿಂದಲೇ, ನಿಧಾನವಾಗಿ, ತಣ್ಣೀರಲ್ಲಿ ತೊಳೆದ. ಆಮೇಲೆ ಕರೆ ಬಂದು ಓಡಿ ಮೇಲೆ ಹೋದಾಗ ಎಲ್ಲ ಮುಗಿದು, ಹೆಂಡತಿ ತಲೆ ಬಾಚಿಕೊಂಡು, ಬಿಳಿ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ನಗುತ್ತಿದ್ದಳು. ಕಷ್ಟವಾಯಿತಾ ಎಂದು ಅವನು ಕೇಳಿರಲೇ ಇಲ್ಲ. ಕೇಳುವಂಥದ್ದೇನೂ ಅಲ್ಲಿ ಕಾಣುತ್ತಿರಲಿಲ್ಲ. ಈಗ ಕರಿಮೂತಿಯ ಕಣ್ಣುಗುಡ್ಡೆ ಹೊರಬಂದಂತಾಗಿ, ಮರಿಯ ತಲೆ ಹೊರಗೆ ಜಾರಿತು, ಭುಜ ಸಿಕ್ಕಿಕೊಂಡು ನಿಂತಿತು. "ನೀನೂ ಹೀಗೇನಾ?" ಎಂದು ತಿರುಗದೆ ಪಿಸುಗುಟ್ಟಿದ.

"ಇನ್ನೇನು, ಇಸ್ತ್ರಿ ಮಾಡಿಸ್ಕೊಂಡು ಬಂದ್ಲು ಅಂದ್ಕೊಂಡಿದ್ರಾ ನಿಮ್ಮ ಮಗಳು?" ಎಂದಳು ಹೆಂಡತಿ ಅವನ ಕಿವಿಯಲ್ಲಿ. ಅವಳ ಗಲ್ಲ ಅವನ ಹೊಲಸು ಭುಜಕ್ಕೆ ತಾಗಿತ್ತು, ಅವಳು ಅದನ್ನು ಹಾಗೇ ಇಟ್ಟಿದ್ದಳು.

"ಏನೋ ಅದು ಗುಸುಗುಸು? ಏನಾಗ್ತಿದೆ ಹೇಳೋ!"

"ಬರ್ತಿದೆ ಅತ್ತೆ. ಭುಜ ಬಂತು. ಬಂತು, ಬಂತು... ಬಿತ್ತು!" ಅವನು ಕೂಗಿಯೇಬಿಟ್ಟ. ಹಳದಿ, ಕೆಂಪು, ಅಂಟು, ಆವಿಯಾಡುವ ಒದ್ದೆ ಮುದ್ದೆಯೊಂದು ಹುಲ್ಲಿನ ಮೇಲೆ ಬಿದ್ದು, ಏನೂ ಮಾಡದೆ, ಆಮೇಲೆ ತಲೆ ಕೊಡವಿ ಸೀನಿತು. ಎಳೆ ಕುರಿ ತಿರುಗಿ, ತಾನೇ ಮಾಡಿದ್ದೆಂದು ನಂಬಿಕೆಯಾಗದೆ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ಬಗ್ಗಿತು. ಅವನ ಕೈಗಳು ಕಂಕುಳಲ್ಲೇ ಇದ್ದವು. ಮುಖದ ಮೇಲೆ ಇಳಿಯುತ್ತಿದ್ದದ್ದನ್ನು ಒರೆಸಿಕೊಳ್ಳಲೂ ತೆಗೆಯಲಿಲ್ಲ.

"ಹೇಗಿದೆ?" ಎಂದರು ಅತ್ತೆ.

"ತುಂಬಾ ಗಲೀಜಾಗಿದೆ ಅತ್ತೆ," ಎಂದ. ಅಳುವಿನಲ್ಲೂ ಅವನಿಗೆ ನಗು ತಡೆಯಲಾಗಲಿಲ್ಲ. "ತುಂಬಾ ಚೆನ್ನಾಗಿದೆ."